ಅರವತ್ತು ತೋಟಾ

ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಮೊನ್ನೆ ಕೈಗೆ ಹಚ್ಚುವ ಕ್ರೀಮಿನ ಪೆಟ್ಟಿಗೆಯೊಂದು ಬಂತು. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುವ ಕ್ರೀಮು. ಊರಿಂದ ಬಂದ ಅತ್ತೆ ಮಾವಂದಿರು ವಾಪಸು ಹೋಗುವಾಗ ಡಜನ್‌ಗಟ್ಟಲೆ ಕೊಂಡೊಯ್ಯುತ್ತಾರಲ್ಲ, ಅದೇ. ಒಂದು ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಬಿಗಿ ಮಾಡಲು ಹೋದೆ, ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಬರೀ ಕುರಿ ವಾಸನೆ. ನನಗೆ ಮಾತ್ರ ಸಿಡ್ನಿಯ ಬ್ಲ್ಯಾಕ್‌ಟೌನಿನ ಒಂದು ಗ್ಯಾರೇಜು ಕಣ್ಣ ಮುಂದೆ ಬಂತು, ಅದರೊಳಗೆ ರೂಡಿ ಅಂಕಲ್.

ರೂಡಿ ಅಂಕಲ್ ಆಗ ನಮ್ಮ ಪಕ್ಕದ ಮನೆಯವರು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಹರೆಯದಲ್ಲೇ ಸಿಡ್ನಿಗೆ ಬಂದು, ಮೂವತ್ತು ವರ್ಷ ಬೇಕರಿ ನಡೆಸಿದವರು. ಎಪ್ಪತ್ತು ದಾಟಿತ್ತು. ‘ಹೆಸರು ಹಿಡಿದೇ ಕರಿ’ ಎಂದು ಎಷ್ಟು ಹೇಳಿದರೂ ತುಮಕೂರಿನವಳಾದ ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಅವರು ಆಡುತ್ತಿದ್ದುದರಲ್ಲಿ ಇಂಗ್ಲಿಷ್ ಎಷ್ಟಿತ್ತು ಎಂಬುದು ನನಗೆ ಇವತ್ತಿಗೂ ಅನುಮಾನ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನನ್ನ ಗಂಡ ಪ್ರಕಾಶ ಬೆಳಿಗ್ಗೆ ಏಳಕ್ಕೇ ಟ್ರೇನ್ ಹಿಡಿದು ಪ್ಯಾರಮಟ್ಟಾದ ಆಫೀಸಿಗೆ ಹೋಗಿಬಿಡುತ್ತಿದ್ದ. ನಾನು ಫಾರ್ಮಸಿ ಓದಿ ಆರು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಆದರೆ ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಒಂದು ಮಾತ್ರೆಯನ್ನೂ ಎಣಿಸಿ ಕೊಡುವ ಹಾಗಿರಲಿಲ್ಲ. ಪುಸ್ತಕ ತೆರೆದಿಟ್ಟು ಕಿಟಕಿ ನೋಡುವುದೇ ಉದ್ಯೋಗ.

ಒಂದು ದಿನ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯಾಚೆಯಿಂದ ಅವರ ಭಾಷೆಯ ಬೈಗುಳ ಕೇಳಿಸಿತು. ಭಾಷೆ ಬರದಿದ್ದರೂ ಬೈಗುಳ ತಿಳಿಯುತ್ತದೆ, ನೋಡಿ. ಇಣುಕಿದೆ. ಅಂಕಲ್ ಗ್ಯಾರೇಜಿನಲ್ಲಿ ಪುಟ್ಟ ತಕ್ಕಡಿಯೊಂದರ ಮುಂದೆ ಕೂತು ಬೂದು ಬಣ್ಣದ ಹರಳುಪುಡಿ ತೂಗಲು ಒದ್ದಾಡುತ್ತಿದ್ದರು. ಕೈ ನಡುಗಿ ಪುಡಿಯೆಲ್ಲ ಮೇಜಿನ ಮೇಲೆ ಚೆಲ್ಲಿತ್ತು.

“ಹೆಲ್ಪ್ ಬೇಕಾ ಅಂಕಲ್?”

“ತೂಕ ಮಾಡಲು ಬರುತ್ತದಾ ನಿನಗೆ?”

“ನನಗೆ ಬರೋದು ಅದೊಂದೇ,” ಎಂದೆ.

ಹತ್ತಿರ ಹೋದ ಮೇಲೆ ಗೊತ್ತಾಯಿತು, ಅದು ಬಂದೂಕಿನ ಮದ್ದು. ಮದ್ದು ಎಂದರೆ ಔಷಧಿಯೂ ಹೌದು, ಇದೂ ಹೌದು. ಎರಡನ್ನೂ ಒಂದೇ ಹೆಸರಿನಿಂದ ಕರೆದ ನಮ್ಮ ಹಿರಿಯರು ನನ್ನ ಜಾತಕ ನೋಡಿದ್ದರೋ ಏನೋ.

ಸ್ವಿಟ್ಜರ್ಲೆಂಡಿನಲ್ಲಿ ಅವರ ಕಾಲದ ಗಂಡಸರೆಲ್ಲ ಸೈನ್ಯದ ತರಬೇತಿ ಪಡೆದು, ಸೈನ್ಯದ ಬಂದೂಕನ್ನು ಮನೆಯ ಬೀರುವಿನಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ. ಅಂಕಲ್ ತಮ್ಮದನ್ನು ಒಪ್ಪಿಸಿ ಹಡಗು ಹತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಸಿಡ್ನಿಯ ಅಂಗಡಿಯೊಂದರಲ್ಲಿ, ಆ ಸೈನ್ಯ ಮಾರಿಹಾಕಿದ ಅದೇ ನಮೂನೆಯ ಬಂದೂಕು ಕಣ್ಣಿಗೆ ಬಿತ್ತು. ಚಿಲಕವನ್ನು ತಿರುಗಿಸದೆ ನೇರ ಹಿಂದಕ್ಕೆ ಎಳೆಯುವಂಥದ್ದು. ಹಳೆಯ ಸಹಪಾಠಿ ಸಿಕ್ಕಂತೆ ಮನೆಗೆ ಕರೆತಂದರು. ಆದರೆ ಅದಕ್ಕೆ ಹೊಂದುವ ತೋಟಾ ಇಲ್ಲಿ ಸುಲಭಕ್ಕೆ ಸಿಗದು. ಅದಕ್ಕೇ ಹೊಡೆದು ಖಾಲಿಯಾದ ತೋಟಾಗಳ ಹಿತ್ತಾಳೆ ಕವಚಗಳನ್ನು, ಅಂದರೆ ಕೇಸುಗಳನ್ನು, ಆರಿಸಿ ತಂದು, ತೊಳೆದು, ಹೊಸ ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಕೂರಿಸುವುದು. ಮದ್ದು ಎಲ್ಲದರಲ್ಲೂ ಒಂದೇ ತೂಕ ಇರಬೇಕು. ಹೆಚ್ಚಾದರೆ ಬಂದೂಕು ಮುಖಕ್ಕೇ ಸಿಡಿಯಬಹುದು, ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಮುಂದಿನ ಗುಂಡಿಗೆ ಸಿಡಿಯಬಹುದು.

“ಲೈಸೆನ್ಸ್ ಇಲ್ಲದೆ ಮದ್ದು ಮುಟ್ಟುವ ಹಾಗಿಲ್ಲ,” ಎಂದರು ಅಂಕಲ್. “ಅಲ್ಲಿಯವರೆಗೆ ಕೇಸು ಉಜ್ಜು.”

ಹೀಗೆ ಕುರಿಯ ಜಿಡ್ಡು ನನ್ನ ಕೈಗಂಟಿತು. ಕೇಸಿಗೆ ಅದನ್ನು ತೆಳ್ಳಗೆ ಸವರದಿದ್ದರೆ, ಹಿಗ್ಗಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಿನೊಳಗೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಉಜ್ಜುತ್ತಲೇ ಲೈಸೆನ್ಸಿಗೆ ಅರ್ಜಿ ಹಾಕಿದೆ.

“ಪರೀಕ್ಷೆಗೆ ಓದೇ ಅಂದ್ರೆ ಬಂದೂಕಿಗೆ ತುಂಬ್ತೀನಿ ಅಂತೀಯಲ್ಲೇ!” ಎಂದು ಪ್ರಕಾಶ ತಲೆ ಚಚ್ಚಿಕೊಂಡ. “ಮಾರ್ಟ್‌ಗೇಜ್‌ಗಿಂತ ಈಗ ನಂಗೆ ನಿಂದೇ ಭಯ.”

ಅಮ್ಮನಿಗೆ ಫೋನಿನಲ್ಲಿ ನಿಜವನ್ನೇ ಹೇಳಿದೆ. “ಪಕ್ಕದ್ಮನೆ ಅಂಕಲ್ ಜೊತೆ ತೋಟಾ ಮಾಡ್ತಿದ್ದೀನಮ್ಮ.”

“ಒಳ್ಳೇದಾಯ್ತು ಬಿಡು. ಮೊದ್ಲು ಮೆಂತ್ಯ ಹಾಕು, ಬೇಗ ಬರತ್ತೆ,” ಎಂದಳು ಅಮ್ಮ. ನಾನು ತಿದ್ದಲಿಲ್ಲ.

ಲೈಸೆನ್ಸ್ ಬಂತು. ವಾರಕ್ಕೆರಡು ಮಧ್ಯಾಹ್ನ ಅವರ ಗ್ಯಾರೇಜಿನಲ್ಲಿ ನನ್ನ ಡ್ಯೂಟಿ. ನಾನು ತೂಗುವುದು, ಅವರು ಗುಂಡು ಕೂರಿಸುವುದು. ನಡುವೆ ಅವರ ರೈ ಬ್ರೆಡ್ಡು, ನನ್ನ ನಿಪ್ಪಟ್ಟು. ಒಂದು ನಿಯಮವಿತ್ತು: ಹತ್ತು ಸಲ ತೂಗಿದ ಮೇಲೆ ತಕ್ಕಡಿಯಲ್ಲಿ ಒಂದು ತೂಕದ ಬಟ್ಟು ಇಟ್ಟು, ಮುಳ್ಳು ಸರಿಯಾಗಿ ನಿಲ್ಲುತ್ತದೆಯೇ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು. ಮೊದಮೊದಲು ಅಂಕಲ್ ತಾವೂ ಬಗ್ಗಿ ನೋಡುತ್ತಿದ್ದರು. ಬರುಬರುತ್ತಾ ನೋಡುವುದನ್ನು ಬಿಟ್ಟರು. ಅದು ನನಗೆ ಎಷ್ಟು ಹೆಮ್ಮೆ ಎಂದರೆ, ಆಸ್ಪತ್ರೆಯ ಆರು ವರ್ಷದಲ್ಲೂ ಅಷ್ಟು ಬೀಗಿರಲಿಲ್ಲ.

ಮೆಲ್ಬರ್ನಿನ ವೆರಿಬೀಯಲ್ಲಿ ಅಂಕಲ್‌ಗೆ ವಾಲ್ಟರ್ ಎಂಬ ಗೆಳೆಯರಿದ್ದರು. ಒಂದೇ ಹಡಗಿನಲ್ಲಿ ಬಂದವರು, ಅವರ ಬಳಿಯೂ ಅದೇ ಬಂದೂಕು. ವರ್ಷಕ್ಕೊಮ್ಮೆ ಇಬ್ಬರೂ ಬಂದೂಕನ್ನು ಮರಳುಚೀಲದ ಮೇಲೆ ಊರಿ, ಮುನ್ನೂರು ಮೀಟರ್ ದೂರದ ಕಾಗದದ ಗುರಿಗೆ ಹೊಡೆದು ಪಂದ್ಯ ಆಡುತ್ತಿದ್ದರು. ಅಂಕಲ್ ಸತತ ನಾಲ್ಕು ವರ್ಷ ಸೋತಿದ್ದರು. ಆ ವರ್ಷದ ಪಂದ್ಯಕ್ಕೆ ಅರವತ್ತು ತೋಟಾ ಬೇಕಿತ್ತು.

ಅವನ್ನು ತೂಗಬೇಕಾದ ದಿನ ಬೆಳಿಗ್ಗೆ ನನ್ನ ಪರೀಕ್ಷೆಯ ಫಲಿತಾಂಶ ಬಂತು. ಫೇಲು. ಯಾರಿಗೂ ಹೇಳದೆ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿ ಗ್ಯಾರೇಜಿಗೆ ಹೋದೆ. ಕೈ ತೂಗುತ್ತಿತ್ತು, ತಲೆ ಎಲ್ಲೋ ಇತ್ತು. ಅರವತ್ತೂ ಮುಗಿಯಿತು, ಪೆಟ್ಟಿಗೆಗೆ ತುಂಬಿದ್ದೂ ಆಯಿತು.

ಎರಡು ದಿನದ ಮೇಲೆ ಪ್ರಕಾಶನ ಕಾರಿನಲ್ಲಿ ಮೆಲ್ಬರ್ನಿಗೆ ಹೊರಟೆವು. ಅಂಕಲ್ ಮುಂದೆ ಕೂತು ಶಿಳ್ಳೆ ಹಾಕುತ್ತಿದ್ದರು. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬ ತೊಡೆಯ ಮೇಲಿಟ್ಟುಕೊಂಡ ನನಗೆ ಇದ್ದಕ್ಕಿದ್ದಂತೆ ನೆನಪಾಯಿತು. ಕೊನೆಯ ಮೂವತ್ತಕ್ಕೆ ನಾನು ಬಟ್ಟು ಇಟ್ಟು ನೋಡಿಯೇ ಇರಲಿಲ್ಲ. ಎದ್ದು ಬರುವಾಗ ನೋಟ್‌ಬುಕ್ಕಿನಲ್ಲಿ ಮೂರೂ ಗುರುತನ್ನು ಒಟ್ಟಿಗೆ ಗೀಚಿದ್ದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲವೂ ಸರಿಯಾಗಿಯೇ ಇರಬಹುದು ಎಂದು ನೂರಾರು ಕಿಲೋಮೀಟರು ನನಗೆ ನಾನೇ ಹೇಳಿಕೊಂಡೆ. ಮೊದಲು ಪರೀಕ್ಷೆ ಫೇಲು, ಈಗ ಇದು. ಬಾಯಿಬಿಟ್ಟರೆ ಈ ಜಗತ್ತಿನಲ್ಲಿ ನನ್ನ ಕೈಯನ್ನು ನಂಬಿದ್ದ ಒಬ್ಬ ಮನುಷ್ಯನೂ ಹೋದ. ಆದರೆ ಆ ಬಂದೂಕಿನ ಹಿಂದೆ ಇರುವುದು ಅವರ ಮುಖ. ಅರ್ಧ ದಾರಿ ದಾಟಿ ಆಲ್ಬರಿ ಎಂಬ ಊರಿನ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತಾಗ ಇಳಿದು ಹೇಳಿಬಿಟ್ಟೆ. ಪರೀಕ್ಷೆಯ ವಿಷಯವನ್ನೂ.

ಅಂಕಲ್ ಶಿಳ್ಳೆ ನಿಲ್ಲಿಸಿದರು. “ಆ ಮೂವತ್ತು ಯಾವುವು?”

“ಗೊತ್ತಿಲ್ಲ ಅಂಕಲ್. ಎಲ್ಲಾ ಬೆರೆತು ಹೋಗಿವೆ.”

“ಹಾಗಾದರೆ ಅರವತ್ತನ್ನೂ ಬಿಚ್ಚಬೇಕು,” ಎಂದರು. ಆಮೇಲೆ ಕಾರಿನ ಹಿಂಬಾಗಿಲು ತೆರೆದರು. “ಹಸಿವಾಗಿದೆ. ಆ ಹಳದಿ ಅನ್ನ ತೆಗಿ.”

ಕಾರು ಹತ್ತುವಾಗ ಪ್ರಕಾಶ, “ನಂಗ್ಯಾಕೆ ಹೇಳ್ಲಿಲ್ವೇ?” ಎಂದು ಮೆಲ್ಲಗೆ ಕೇಳಿ ನನ್ನ ಬೆನ್ನು ತಟ್ಟಿದ.

ಸಂಜೆ ವಾಲ್ಟರ್ ಅವರ ಗ್ಯಾರೇಜಿನಲ್ಲಿ ಕೂತೆವು. ಟೊಳ್ಳು ಪ್ಲಾಸ್ಟಿಕ್ ಸುತ್ತಿಗೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಕಳಚಿಕೊಂಡು ಮದ್ದು ಹೊರಗೆ ಬೀಳುತ್ತದೆ. “ನಾಲ್ಕು ವರ್ಷ ಸೋತವನು ಈ ವರ್ಷ ಹೊಸ ನೆಪ ತಂದಿದ್ದಾನೆ,” ಎಂದು ವಾಲ್ಟರ್ ನಗುತ್ತಲೇ ಬಡಿದರು. ನಾನು ಒಂದೊಂದರ ಮದ್ದನ್ನೂ ತೂಗಿದೆ. ಹತ್ತು ಸರಿ. ಇಪ್ಪತ್ತು ಸರಿ. ನಲವತ್ತರ ತನಕ ಎಲ್ಲವೂ ಸರಿಯಿದ್ದು, ಸುಮ್ಮನೆ ಎಲ್ಲರಿಗೂ ಕಷ್ಟ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ನಲವತ್ತೊಂದನೆಯದಕ್ಕೆ ತಕ್ಕಡಿಯ ತಟ್ಟೆ ಮೇಲೇ ನಿಂತಿತು. ಅದರಲ್ಲಿ ಮದ್ದು ಸಾಕಷ್ಟು ಕಡಿಮೆಯಿತ್ತು. ಆಮೇಲೆ ಅಂಥವು ಇನ್ನೂ ಆರು ಸಿಕ್ಕವು. ವಾಲ್ಟರ್ ನಗು ನಿಂತಿತು.

ಅಂಕಲ್ ಬಟ್ಟನ್ನು ನನ್ನ ಅಂಗೈಯಲ್ಲಿಟ್ಟರು. “ಮೊದಲಿಂದ ಶುರು ಮಾಡು.”

“ನೀವೇ ಪಕ್ಕದಲ್ಲಿ ಕೂತು ನೋಡಿ ಅಂಕಲ್.”

“ಯಾಕೆ? ಸಂದೇಹ ಬಂದರೆ ನೀನೇ ಹೇಳುತ್ತೀಯಲ್ಲ,” ಎಂದು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ ಕೂತರು. ವಾಲ್ಟರ್ ಜೊತೆ ಊರಿನ ಯಾವುದೋ ಮಾತಿಗೆ ತೊಡಗಿದರು. ನಾನು ಅರವತ್ತನ್ನೂ ಮತ್ತೆ ತೂಗಿದೆ. ಕಣ್ಣು ಮಂಜಾದಾಗಲೆಲ್ಲ ನಿಲ್ಲಿಸಿ, ಒರೆಸಿಕೊಂಡು, ಮತ್ತೆ ತೂಗಿದೆ.

ಪಂದ್ಯ ಏನಾಯಿತು ಎಂದು ಕೇಳುತ್ತೀರಿ. ಅಂಕಲ್ ಐದನೆಯ ಸಲವೂ ಸೋತರು. ಅವರ ಗುರಿಯ ಕಾಗದ ತಂದು ನೋಡಿದರೆ, ತೂತುಗಳೆಲ್ಲ ಒಂದು ಅಂಗೈ ಅಗಲದೊಳಗೆ ಅಚ್ಚುಕಟ್ಟಾಗಿ ಗುಂಪುಗೂಡಿದ್ದವು. ಆದರೆ ನಡುವಿನಲ್ಲಲ್ಲ, ಕೆಳಗೆ ಎಡ ಮೂಲೆಯಲ್ಲಿ.

“ನೋಡು, ಎಲ್ಲವೂ ಒಂದೇ ಕಡೆ ಹೋಗಿವೆ. ಅದು ನಿನ್ನ ಕೆಲಸ,” ಎಂದು ಅಂಕಲ್ ಕಾಗದವನ್ನು ಎಲ್ಲರಿಗೂ ತೋರಿಸಿದರು. “ನಡುವಿಗೆ ಕಳಿಸುವುದು ನನ್ನ ಕೆಲಸ. ಅದನ್ನು ನಾನು ಮಾಡಲಿಲ್ಲ.” ಗೆದ್ದ ವಾಲ್ಟರ್‌ಗಿಂತ ಹೆಚ್ಚು ಖುಷಿಯಲ್ಲಿದ್ದರು. ಮುಂದಿನ ಸಲದ ಪರೀಕ್ಷೆಯಲ್ಲಿ ನಾನು ಪಾಸಾದೆ. ಆ ದಿನ ಅಂಕಲ್ ಮಾಡಿ ತಂದ ಕೇಕು ಎಷ್ಟು ದೊಡ್ಡದಿತ್ತೆಂದರೆ ಪ್ರಕಾಶ ವಾರವಿಡೀ ಆಫೀಸಿಗೆ ಹಂಚಿದ.

ಅಂಕಲ್ ಮನೆ ಮಾರಿ ವೆರಿಬೀಗೆ, ವಾಲ್ಟರ್ ಮನೆಯ ಎದುರಿಗೇ ಹೋಗಿ ಮೂರು ವರ್ಷವಾಯಿತು. ಫೋನ್ ಮಾಡುತ್ತಿರುತ್ತೇನೆ ಎಂದು ಹೇಳಿ ಕಳಿಸಿದವಳು ಒಂದು ವರ್ಷದಿಂದ ಮಾಡಿರಲಿಲ್ಲ. ಮೊನ್ನೆ ಕ್ರೀಮಿನ ಡಬ್ಬಿ ಮುಚ್ಚಿಟ್ಟು, ಊಟದ ಬಿಡುವಿನಲ್ಲಿ ಅಂಗಡಿಯ ಹಿಂದೆ ನಿಂತು ನಂಬರು ಒತ್ತಿದೆ.

“ಬದುಕಿದ್ದೀಯಾ?” ಎಂದರು ಅಂಕಲ್. ಪಂದ್ಯ ನಿಂತೇ ಹೋಗಿದೆಯಂತೆ. ಇಬ್ಬರ ಕಣ್ಣೂ ಸೋತಿವೆ. “ನೀನು ಬಾ. ನೀನು ಹೊಡಿ, ನಾವಿಬ್ಬರೂ ಹಿಂದೆ ಕೂತು ಬೈಯುತ್ತೇವೆ.”

ಇಷ್ಟೆಲ್ಲ ಕೇಳಿದ ನೀವು ನಾನು ದೊಡ್ಡ ಗುರಿಗಾರ್ತಿ ಎಂದುಕೊಂಡಿರಬಹುದು. ಸಾವಿರಾರು ತೋಟಾ ತೂಗಿದ್ದೇನೆ. ಲೈಸೆನ್ಸಿನ ತರಬೇತಿ ಬಿಟ್ಟರೆ ಒಂದನ್ನೂ ಹಾರಿಸಿಲ್ಲ. ಯಾರೂ ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ.

“ಗುರಿ ತಪ್ಪುತ್ತೆ ಅಂಕಲ್.”

“ತಪ್ಪಲಿ. ಕಾಗದ ದೊಡ್ಡದಿದೆ.”

ರಾತ್ರಿ ಅಡಿಗೆ ಮಾಡುತ್ತಾ ಪ್ರಕಾಶನಿಗೆ ಹೇಳಿದೆ, “ಲಾಂಗ್ ವೀಕೆಂಡ್‌ಗೆ ವೆರಿಬೀಗೆ ಹೋಗೋಣ ಕಣೋ.”

“ಮುದುಕರನ್ನ ನೋಡ್ಕೊಂಡ್ ಬರೋಕಾ? ಹೋಗೋಣ.”

“ಅಲ್ಲ. ನಾನು ಹೊಡೆಯೋಕೆ.”

ಹುಣಸೆಹಣ್ಣು ಕಿವುಚುತ್ತಿದ್ದ ಪ್ರಕಾಶ ಕೈ ನಿಲ್ಲಿಸಿ, ನನ್ನನ್ನೂ ನನ್ನ ಕೈಯನ್ನೂ ಒಮ್ಮೆ ನೋಡಿದ. “ಸರಿ,” ಎಂದ. “ನಾನು ಅಂಕಲ್‌ಗಳ ಹಿಂದೆ ನಿಂತ್ಕೋತೀನಿ.”