ಮಗ್ಗದ ಸಪ್ಪಳ ನಂಬಿ ಕುಕ್ಕರ್ ಇಟ್ಟದ್ದು

ನಮ್ಮ ಬೀಗ್ತಿ ಮಾಂಸ ಬಿಟ್ಟಾಳ ಅಂತ ಸುದ್ದಿ ಬಂದಾಗ ನಾನು ನಂಬಲಿಲ್ಲ. ಬೀಗ್ತಿ ಅಂದರ ನನ್ನ ಸೊಸಿಯ ತಾಯಿ, ಮುಧೋಳದಾಕಿ. ಮಗನ ಲಗ್ನ ಆದ ಮ್ಯಾಲ ನಮ್ಮ ಮನ್ಯಾಗ ಬೀಗರ ಊಟ ಮಾಡಿದ ದಿನ ಆಕಿ ನಳಿ ಎಲುಬು ಹಿಡದು, ತಾಟಿಗೆ ಟಣ್ ಟಣ್ ಬಡದು, ಒಳಗಿನ ಮಜ್ಜೆ ಉದುರಿಸಿಕೊಂಡು ತಿಂದದ್ದನ್ನ ಎದುರಿಗೆ ಕುಂತು ನೋಡೇನಿ. ಹಂಗ ತಿನ್ನಾಕಿಗೆ ಒಮ್ಮಿಂದೊಮ್ಮೆ ಭಕ್ತಿ ಬರೂದಿಲ್ಲ.

ಸೊಸಿಯನ್ನ ಕೇಳಿದೆ. ಆಕಿ ರೊಟ್ಟಿ ಬಡಿಯಾಕತ್ತಿದ್ದಳು. ಕೈ ನಿಲ್ಲಸಲಿಲ್ಲ, ನನ್ನ ಮಾರಿನೂ ನೋಡಲಿಲ್ಲ.

"ದೇವರಿಗೆ ಬಿಟ್ಟಾಳಂತರಿ ಅತ್ತೀ."

"ಯಾವ ದೇವರಿಗೆ?"

ಆಕಿ ರೊಟ್ಟಿ ಹಂಚಿಗೆ ಹಾಕಿದಳು. ನಾನು ಬಿಡಲಿಲ್ಲ. ಮತ್ತೆರಡು ಸಲ ಕೇಳಿದ ಮ್ಯಾಲ ಖರೆ ಹೊರಗ ಬಂತು. ಬೀಗ್ತಿಗೆ ಬಾಯಾಗ ಒಂದು ಹಲ್ಲೂ ಉಳಿದಿಲ್ಲ. ಜಮಖಂಡಿಗೆ ಹೋಗಿ ಹೊಸ ಹಲ್ಲಿನ ಸೆಟ್ ಮಾಡಿಸಿಕೊಂಡು ಬಂದಾಳ. ನಾಕು ಮಂದಿ ಮುಂದ ನಗೂವಾಗ ಕಳಚಿ ಬಿದ್ದರ ಹ್ಯಾಂಗ ಅಂತ ಹೆದರಿ ಅದನ್ನ ಒಂದು ಸ್ಟೀಲ್ ಡಬ್ಬಿಯಾಗ ಹಾಕಿ ಮುಚ್ಚಿ ಇಟ್ಟಾಳ. ಮಂದಿಗೆ ಮಾಂಸ ಬಿಟ್ಟೇನಿ ಅಂತ ಹೇಳೂದು, ಮನ್ಯಾಗ ಹಾಲು ಅನ್ನ ನುಂಗೂದು. ಜಂಪರು ಮೈಮ್ಯಾಲ ಜೋತು ಬಿದ್ದಾವು. ಹಿಂದಿನ ತಿಂಗಳು ಬಚ್ಚಲದಾಗ ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದಳು. ಹೊಟ್ಟಿಗೆ ಗಟ್ಟಿ ಬೀಳಬೇಕು, ಇನ್ನೊಮ್ಮೆ ಹಿಂಗ ಬಿದ್ದರ ಏಳೂದು ಕಷ್ಟ ಅಂತ ಡಾಕ್ಟರು ಹೇಳ್ಯಾರ.

"ಮಿಕ್ಸರಿಗೆ ಹಾಕಿ ಕೊಡಬೇಕಿಲ್ಲೇನ?" ಅಂದೆ.

"ಕೊಟ್ಟಿದ್ನಿರಿ. ನಾ ಏನ ಹಾಲು ಕುಡಿಯೂ ಕೂಸೇನ ಬೇ ಅಂತ ತಾಟು ಸರಸಿದಳು."

ಅದು ಮಾತ್ರ ನನಗ ತಿಳೀತು. ಅರದದ್ದನ್ನ ನನ್ನ ಮುಂದ ಇಟ್ಟಿದ್ದರ ನಾನೂ ಸರಸತಿದ್ದೆ. ಹಂಗಂತ ಬೀಗ್ತಿಯನ್ನ ಹಾಲು ಅನ್ನದ ಮ್ಯಾಲ ಬಿಟ್ಟರ ಬರೂ ವರ್ಷ ನನ್ನ ಸೊಸಿ ತವರಿಗೆ ಹೋಗೂದು ತಾಯಿಯನ್ನ ನೋಡೂದಕ್ಕಲ್ಲ. ಆಕಿ ಹೊಟ್ಟಿಗೆ ಮಾಂಸ ಹೋಗಬೇಕು, ಮರ್ಯಾದಿ ಹೋಗಬಾರದು. ಕೆಲಸ ಇಷ್ಟೇ. ಯುಗಾದಿಯ ಮರುದಿನ, ಕರಿ ದಿನ, ಊಟಕ್ಕ ಬರ್ರಿ ಅಂತ ಫೋನ್ ಮಾಡಿಸಿದೆ. ಕರಿ ದಿನ ನಮ್ಮಲ್ಲಿ ಮಾಂಸದ ಅಡಿಗಿ. ಆಕಿಗೂ ಗೊತ್ತು. ಆದರೂ ಬರತೇನಿ ಅಂದಳು.

ಉಪಾಯ ನನ್ನ ತಲಿಯಾಗ ಮೊದಲೇ ಹುಟ್ಟಿತ್ತು, ಅದೂ ಸೊಸಿಯ ಮರವಿನಿಂದ. ದೀಪಾವಳಿಗೆ ಆಕಿ ಒಂದು ಕರೆಂಟ್ ಕುಕ್ಕರ್ ತರಿಸಿದ್ದಳು. ನಾನು ಅದನ್ನ ಮುಟ್ಟಿರಲಿಲ್ಲ. ಸೀಟಿ ಹೊಡೆಯದ ಕುಕ್ಕರ್ ನನಗ ಕುಕ್ಕರ್ ಅನಸಲಿಲ್ಲ. ಬ್ಯಾಳಿಗೆ ಮೂರು ಸೀಟಿ, ಕಡ್ಲಿಗೆ ಐದು, ಮಟನ್ನಿಗೆ ಆರು, ನಾನು ಕಲಿತ ಲೆಕ್ಕ ಅದು. ಸಾಲಿ ಮೂರನೇ ಇಯತ್ತೆಗೆ ಬಿಟ್ಟು ನೂಲು ಸುತ್ತೂದಕ್ಕ ಕುಂತಾಕಿ ನಾನು. ಅಂಕಿ ಓದತೇನಿ, ಬಸ್ಸಿನ ಬೋರ್ಡ್ ಓದತೇನಿ, ಆ ಕುಕ್ಕರಿನ ಮಾರಿ ಮ್ಯಾಲಿನ ಇಂಗ್ಲಿಷು ನನಗ ಬರೂದಿಲ್ಲ. ಒಂದು ದಿನ ಸೊಸಿ ಅದರಾಗ ಮಟನ್ನಿನ ದೊಡ್ಡ ತುಂಡು ಇಟ್ಟು, ಮಾತಾಡಕೋತ ಕುಂತು, ಹೊತ್ತು ಮರತಳು. ತಗದು ನೋಡಿದರ ತುಂಡು ತುಂಡಾಗಿ ಉಳಿದಿರಲಿಲ್ಲ. ಬೆರಳಿಲೆ ಒತ್ತಿದೆ, ಎಳಿ ಎಳಿ ಬಿಟ್ಟಿತು. ಗಂಟು ಬಿಚ್ಚಿದ ನೂಲಿನ ಲಡಿ ಹ್ಯಾಂಗ ಕೈಯಾಗ ಸಡಿಲ ಆಗತೈತಿ, ಹಂಗ. ಐವತ್ತು ವರ್ಷ ನೂಲು ಹಿಡದ ಕೈಗೆ ಅದು ತಕ್ಷಣ ತಿಳೀತು. ಇದಕ್ಕ ಹಲ್ಲು ಬೇಕಿಲ್ಲ, ನಾಲಿಗಿ ಸಾಕು. ಅರದದ್ದೂ ಅಲ್ಲ.

ತೊಡಕು ಒಂದೇ ಇತ್ತು. ನಮ್ಮ ಕಡಿ ಬೀಗರ ತಾಟಿಗೆ ಎಲುಬಿನ ತುಂಡು ಬೀಳಬೇಕು, ಅದೂ ನಳಿ ಎಲುಬು ಇದ್ದರ ಮೊದಲು ಅವರಿಗೇ. ಎಲುಬು ಇಲ್ಲದ ಮಾಂಸ ಹಾಕಿದರ, ತಾವು ಒಳ್ಳೇದು ತಿಂದು ನಮಗ ಉಳದದ್ದು ಬಡಿಸ್ಯಾರ ಅಂತ ಅರ್ಥ. ಇಂಥಾ ಮಾತಿಗೆ ಹತ್ತು ವರ್ಷ ಮಾರಿ ನೋಡದ ಬೀಗರು ನಮ್ಮ ಓಣಿಯಾಗೇ ಅದಾರ.

ಕರಿ ದಿನ ಮುಂಜಾನೆ ನಾನೇ ಮಟನ್ ಅಂಗಡಿಗೆ ಹೋದೆ. ಬೀಳಗಿ ಕಡಿಯಿಂದ ಬಂದ ಬಲಿತ ಟಗರು ಅಂಗಡಿಯಾವ ತೂಗು ಹಾಕಿದ್ದ. ತೊಡಿ ಮತ್ತು ಹೆಗಲು ಕೇಳಿದೆ, ಒಂದೊಂದು ನನ್ನ ಮುಷ್ಟಿಯಷ್ಟು ದೊಡ್ಡದು ಇರಲಿ ಅಂದೆ.

"ಆಯಿ, ಇಷ್ಟು ದೊಡ್ಡ ತುಂಡು ಯಾರ ಬಾಯಿಗೆ ಹಿಡೀತಾವು? ಹುಲಿ ಸಾಕೀರೇನ?"

"ಬೀಗ್ತಿ ಬರಾಕತ್ತಾಳ. ನೀ ಕಡಿ."

ನಕ್ಕೋತ ಕಡದ. ನಳಿ ಎಲುಬು ಒಡೆಯದಂಗ ಇಡು ಅಂತ ಎರಡು ಸಲ ಹೇಳಿದೆ. ಸಣ್ಣಗ ಕಡದರ ಎಳಿ ತುಂಡಾಗತಾವು, ಬೆಂದ ಮ್ಯಾಲ ಪುಡಿ ಆಗತೈತಿ. ಉದ್ದ ಎಳಿ ಬೇಕಂದರ ದೊಡ್ಡ ತುಂಡೇ ಬೇಕು.

ಮನಿಗೆ ಬಂದು ಅರಿಷಿಣ, ಉಪ್ಪು, ಬೆಳ್ಳುಳ್ಳಿ, ಹಸಿಶುಂಠಿ ತಿಕ್ಕಿ ಇಟ್ಟೆ. ಉಳ್ಳಾಗಡ್ಡಿ ಕೆಂಪಗ ಹುರದೆ. ಒಣಕೊಬ್ಬರಿ, ಗಸಗಸಿ, ಮಸಾಲಿ ಖಾರ ಕೂಡಿಸಿ ಅರದು ಬ್ಯಾರೆ ಇಟ್ಟೆ, ಅದು ಕಡೀಕ. ಕುಕ್ಕರಿಗೆ ಒಂದೇ ವಾಟಗ ನೀರು. ಸೊಸಿ ಇನ್ನಷ್ಟು ಹಾಕ್ರಿ ಅಂದಳು. ಬ್ಯಾಡ ಅಂದೆ. ಮಾಂಸ ತನ್ನ ನೀರು ತಾನೇ ಬಿಡತೈತಿ, ಮುಳುಗೂವಂಗ ಹಾಕಿದರ ರುಚಿ ಎಲ್ಲಾ ಸಾರಿಗೆ ಹೋಗತೈತಿ. ಸೊಸಿ ಒಂದು ತಾಸಿಗೆ ಹಚ್ಚಿ, ಹ್ಯಾಂಗ ಒತ್ತಬೇಕು ಅಂತ ನನಗ ತೋರಿಸಿ, ಅವ್ವನನ್ನ ಕರಕೊಂಡು ಬರಲಿಕ್ಕೆ ಬಸ್‌ಸ್ಟ್ಯಾಂಡಿಗೆ ಹೋದಳು.

ನಮ್ಮ ಮನಿಯ ಮುಂದಿನ ಅರ್ಧ ಮಗ್ಗ, ಹಿಂದಿನ ಅರ್ಧ ನಾವು. ಹಬ್ಬದ ದಿನ ಮಗ್ಗಕ್ಕ ಸೂಟಿ, ಕರಿ ದಿನ ಓಡತಾವು. ಕರೆಂಟ್ ಮಗ್ಗದ ಖಟಖಟ ನಮಗ ಉಸಿರಿದ್ದಂಗ, ಕೇಳಸೂದೇ ಇಲ್ಲ. ನಿಂತಾಗ ಮಾತ್ರ ಕೇಳಸತೈತಿ. ಅವತ್ತು ನಾನು ಹಿತ್ತಲದಾಗ ರೊಟ್ಟಿ ಬಡಿಯೂವಾಗ ಓಣಿಗೆ ಓಣಿಯೇ ಗಪ್ಪಾತು. ಕರೆಂಟ್ ಹೋತು. ಹಿಟ್ಟಿನ ಕೈಯಲ್ಲೇ ಒಳಗ ಹೋಗಿ ನೋಡಿದೆ, ಕುಕ್ಕರಿನ ದೀಪ ಆರಿತ್ತು. ಬರತೈತಿ ಬಿಡು ಅಂತ ವಾಪಸ್ ಒಲಿ ಮುಂದ ಕುಂತೆ. ಐದಾರು ರೊಟ್ಟಿ ಆಗೂದರಾಗ ಮಗ್ಗ ಸುರು ಆದವು, ಮೊದಲು ನಮ್ಮವು, ಆಮ್ಯಾಲ ಎದುರು ಮನಿಯವು. ನನಗ ಸಮಾಧಾನ ಆತು. ಮಗ್ಗ ಓಡಾಕತ್ತಾವು, ಕುಕ್ಕರ್ ಬೇಯಿಸಾಕತ್ತೈತಿ. ನಿಶ್ಚಿಂತಿಯಿಂದ ಹದಿನೆಂಟು ರೊಟ್ಟಿ ಬಡದೆ.

ಹೊತ್ತಾದ ಮ್ಯಾಲ ಎದ್ದು ಹೋಗಿ ಮುಚ್ಚಳ ತಿರವಿದೆ. ಸರಳ ತೆರೀತು, ಉಗಿನೂ ಬರಲಿಲ್ಲ. ತುಂಡಿಗೆ ಚಮಚ ಒತ್ತಿದರ ಚಮಚೇ ಬಗ್ಗಿತು. ಚಪ್ಪಲಿಯ ತೊಗಲಿನಂಗ ಇತ್ತು. ಕುಕ್ಕರಿನ ದೀಪ ಇನ್ನೂ ಆರೇ ಇತ್ತು. ಆ ಕುಕ್ಕರಿಗೆ ಕರೆಂಟ್ ಹೋಗಿ ಬಂದರ ಮತ್ತ ಗುಂಡಿ ಒತ್ತಬೇಕು. ಸೊಸಿ ಹೇಳಿರಲಿಲ್ಲ ಅಂತ ಆಕಿ ಮ್ಯಾಲ ಹಾಕಬಹುದಿತ್ತು. ಆದರ ತಪ್ಪು ನಂದೇ. ಮಗ್ಗನೂ ತಾವಾಗೇ ಓಡೂದಿಲ್ಲ. ಕರೆಂಟ್ ಬಂದ ಕೂಡಲೇ ನಮ್ಮನಿಯವರು ಮತ್ತು ಮಗ ಒಂದೊಂದಕ್ಕೂ ಹೋಗಿ ಹಿಡಿಕಿ ಒತ್ತತಾರ. ಹುಟ್ಟಿದಾಗಿಂದ ಅದನ್ನ ನೋಡಿದಾಕಿ ನಾನು. ಕುಕ್ಕರಿನ ಹಿಡಿಕಿ ಯಾರು ಒತ್ತತಾರಂತ ತಿಳದಿದ್ದೆನೋ!

ಗುಂಡಿ ಒತ್ತಿ ಎದ್ದು ನಿಲ್ಲೂದಕ್ಕೂ ಬಾಗಿಲದಾಗ ಬೀಗ್ತಿ ಬರೂದಕ್ಕೂ ಸರಿ ಹೋತು. ಒಂದು ಕೈಯಾಗ ಬೆಲ್ಲದ ಪೆಂಟಿ, ಇನ್ನೊಂದು ಕೈ ಬಾಯಿ ಮ್ಯಾಲ, ಸೆರಗಿನಿಂದ ಮುಚ್ಚಿಕೊಂಡು. ಖರೇನ ಅರ್ಧ ಆಗಿದ್ದಳು.

"ಬರ್ರಿ ಬೀಗ್ತೀ. ಮುಧೋಳದಾಗ ಗಾಳಿ ಭಾಳ ಬಿಟ್ಟಿತ್ತೇನ, ಹಾರಿ ಬಂದಂಗ ಅದೀರಿ."

"ನೀವು ನಮ್ಮ ಪಾಲಿಂದೂ ತಿಂದೀರಿ, ಕಾಣಸತೈತಿ," ಅಂದಳು ಸೆರಗಿನ ಒಳಗಿಂದ. ಮಾತು ಹಲ್ಲಿಲ್ಲದೆ ಸೋರತಿತ್ತು, ಚೂಪು ಮಾತ್ರ ಹಂಗೇ ಇತ್ತು. ಕುಂತ ಕೂಡಲೇ ಹೇಳಿಯೂ ಬಿಟ್ಟಳು. "ನನಗ ಬ್ಯಾಳಿ ಸಾರು ಅನ್ನ ಸಾಕರಿ. ನಾ ಮಾಂಸ ಬಿಟ್ಟೇನಿ."

"ಅಡಿಗಿ ಇನ್ನೂ ಆಗಿಲ್ಲ. ಬಿಡೂದೇನು ಹಿಡಿಯೂದೇನು ಆಮ್ಯಾಲ ನೋಡೂನು."

ಇನ್ನೂ ಒಂದು ತಾಸು ಬೇಕು ಅಂದಾಗ ಸೊಸಿ ನನ್ನ ಮಾರಿ ನೋಡಿದಳು. ನಾನು ಕುಕ್ಕರಿನ ಕೆಂಪು ದೀಪ ನೋಡಿದೆ. ಆ ತಾಸಿನ ನಡುವ ಒಮ್ಮೆ ಮಗ್ಗ ಎಲ್ಲಾ ನಿಂತವು. ಕುಕ್ಕರಿನ ಕಡಿ ಓಡಿದೆ. ನೋಡಿದರ ದೀಪ ಹಂಗೇ ಐತಿ. ಗಂಡಸರು ಚಹಾಕ್ಕ ನಿಲ್ಲಸಿದ್ದರು, ಅಷ್ಟೇ. ಅವತ್ತಿನಿಂದ ನಾನು ಮಗ್ಗದ ಸಪ್ಪಳ ಕೇಳಿ ಅಡಿಗಿ ಮಾಡೂದು ಬಿಟ್ಟೆ, ದೀಪ ನೋಡತೇನಿ.

ಈ ಸಲ ಮುಚ್ಚಳ ತೆರದಾಗ ವಾಸನಿ ಮಗ್ಗದ ಮನಿ ತನಕ ಹೋತು. ಎಲುಬು ಎತ್ತಿದರ ಮಾಂಸ ಜಾರಿ ಕೆಳಗ ಬಿತ್ತು. ತುಂಡು ಎಲ್ಲಾ ಅಗಲ ಪರಾತಕ್ಕ ಹಾಕಿ ಬೀಗ್ತಿ ಮುಂದ ಇಟ್ಟೆ, ಎರಡು ಚಮಚ ಕೊಟ್ಟೆ.

"ಕುಂತು ಕುಂತು ಬ್ಯಾಸರ ಆಗಿದ್ದರ ಎಳಿ ಬಿಡಸ್ರಿ. ಉದ್ದಕ್ಕ ಜಗ್ಗಬೇಕು. ಅಡ್ಡ ಹರಿಯಬ್ಯಾಡ್ರಿ."

"ಬೀಗರನ್ನ ಕರದು ಕೂಲಿಗೆ ಹಚ್ಚೂ ಮನಿ ಇದೊಂದೇ ನೋಡ್ರಿ."

"ಮಾತು ಸಾಕು. ಆರೂದರಾಗ ಜಗ್ಗ್ರಿ, ತಣ್ಣಗಾದರ ಬಿಗಿ ಆಗತೈತಿ."

ಜಗ್ಗಿದಳು. ಮೊದಲು ಚಮಚದಿಂದ, ಆಮ್ಯಾಲ ಚಮಚ ಬಿಟ್ಟು ಬೆರಳಿನಿಂದ. ಅದು ಎಷ್ಟು ಮೆತ್ತಗ ಐತಿ ಅಂತ ನಾನು ಹೇಳೂ ಕೆಲಸ ಇರಲಿಲ್ಲ, ಆಕಿ ಬೆರಳು ಆಕಿಗೆ ಹೇಳಾಕತ್ತಿದ್ದವು. ನಾನು ಬೆನ್ನು ತಿರುಗಿಸಿ ಒಲಿ ಕಡಿ ನಿಂತೆ, ಬಾಣಲಿಗೆ ಎಣ್ಣಿ ಹಾಕಿ ಅರದ ಖಾರ ಹುರದೆ. ಬೇಕಂತಲೇ ಹೆಚ್ಚು ಹೊತ್ತು ಹುರದೆ. ಸೊಸಿ ಒಳಗ ಬರಾಕತ್ತಿದ್ದಳು, ಕಣ್ಣಿಲೆ ಹೊರಗ ಹೋಗು ಅಂದೆ. ಹಿಂದ ಬೀಗ್ತಿ ಬಾಯಿ ಆಡೂ ಸಪ್ಪಳ ಬಂತು. ನಿಂತಿತು. ಮತ್ತ ಬಂತು. ಖಾರ ಹೊತ್ತತೈತಿ ಅನ್ನೂ ತನಕ ನಾನು ತಿರುಗಲಿಲ್ಲ.

ಆಕಿ ತಂದ ಬೆಲ್ಲದಾಗ ಅಡಕಿಯಷ್ಟು ಒಡದು ಹಾಕಿದೆ, ಸ್ವಲ್ಪ ಹುಣಸಿ ರಸ, ಕುಕ್ಕರಿನ ಸಾರು ಅರ್ಧ, ಎಳಿ ಎಲ್ಲಾ ಅದರಾಗ ಹೊರಳಾಡಿಸಿದೆ. ಉಳಿದ ಸಾರಿನ್ಯಾಗ ರೊಟ್ಟಿ ಮುರದು ನೆನಸಿದೆ. ಎಲ್ಲರ ತಾಟಿಗೂ ಅದನ್ನೇ ಬಡಿಸಿದೆ, ಬ್ಯಾರೆ ಬ್ಯಾರೆ ಮಾಡಲಿಲ್ಲ. ಬೀಗ್ತಿ ತಾಟಿನ ಮ್ಯಾಲ ಮಾತ್ರ ನಳಿ ಎಲುಬು ಇಟ್ಟೆ.

ನಮ್ಮನಿಯವರು ತಾಟಿನ್ಯಾಗ ಬೆರಳು ಆಡಿಸಿದರು. "ಎಲುಬು ಎಲ್ಲಿ? ಇದೇನು, ಮಗ್ಗದ ಕೆಳಗಿನ ನೂಲು ಗುಡಿಸಿ ಬಡಿಸೀಯೇನ?"

"ತಾಟಿನ್ಯಾಗ ಇದ್ದದ್ದು ಉಣ್ರಿ."

ಒಂದು ತುತ್ತು ಉಂಡರು, ಕೂಡಲೇ ಇನ್ನೊಂದು ತುತ್ತಿಗೆ ಕೈ ಹಾಕಿದರು. ಮಗ ತಲಿನೇ ಎತ್ತಲಿಲ್ಲ. ಬೀಗ್ತಿ ಮಾತ್ರ ತಾಟು ನೋಡಿಕೋತ ಕುಂತಿದ್ದಳು, ಸೆರಗು ಬಾಯಿ ಮ್ಯಾಲ. ಸೊಸಿ ಬಾಗಿಲಿಗೆ ಆತು ನಿಂತಿದ್ದಳು. ನಾನು ಉಣ್ರಿ ಅಂತ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರ ಆಕಿ ಒಲ್ಲೆ ಅನ್ನಲೇಬೇಕಾಗತಿತ್ತು. ಸುಮ್ಮನ ನನ್ನ ತಾಟಿಗೆ ಕೈ ಹಾಕಿದೆ.

"ಬೀಗರ ಮನ್ಯಾಗ ಬಡಿಸಿದ ತಾಟು ಬಿಟ್ಟು ಏಳೂದು ಛಲೋ ಅಲ್ಲ," ಅಂದಳು ಬೀಗ್ತಿ, ಎಲ್ಲರಿಗೂ ಕೇಳೂವಂಗ. "ದೇವರಿಗೆ ನಾ ಆಮ್ಯಾಲ ಹೇಳಕೋತೇನಿ."

ಸೆರಗು ಕೆಳಗ ಬಿಟ್ಟಳು. ಬೊಚ್ಚ ಬಾಯಿ ಎಲ್ಲರಿಗೂ ಕಂಡಿತು, ಯಾರೂ ನೋಡಲಿಲ್ಲ. ಮೊದಲು ನಳಿ ಎಲುಬು ಎತ್ತಿ ತಾಟಿಗೆ ಬಡದಳು. ಟಣ್. ಮಜ್ಜೆ ಉದುರಿತು. ಆಮ್ಯಾಲ ರೊಟ್ಟಿ ಕಲಸಿ, ಎಳಿ ಸುತ್ತಿ, ತುತ್ತು ಮಾಡಿ ಉಂಡಳು. ಮ್ಯಾಲಿಂದ ಮ್ಯಾಲ ಉಂಡಳು. ತಾಟು ಖಾಲಿ ಆಗೂ ತನಕ ಒಂದು ಮಾತಾಡಲಿಲ್ಲ. ಹಂಗ ಮಾತು ಬಿಟ್ಟು ಕುಂತದ್ದನ್ನ ನಾನು ನೋಡಿದ್ದು ಅದೇ ಮೊದಲು.

ಕಡೀಕ ಬೆರಳು ನೆಕ್ಕಿ, ನನ್ನ ಮಾರಿ ನೋಡಿ ಹೇಳಿದಳು.

"ಉಪ್ಪು ಸ್ವಲ್ಪ ಹೆಚ್ಚಾಗೈತ್ರಿ ಬೀಗ್ತೀ."

ಹೇಳಿಕೋತ ತಾಟು ಮುಂದ ಚಾಚಿದಳು. ಉಪ್ಪು ಹೆಚ್ಚಾಗಿರಲಿಲ್ಲ. ನಾನು ಮತ್ತ ಬಡಿಸಿದೆ.