ಇಂಕೆರಿ ಆರಿಸಿದ ದೀಪ

ದಕ್ಷಿಣದ ಕಾರ್ಖಾನೆಯವರು ಸೋಲಾರ್ ದೀಪದ ಡಬ್ಬಿಯ ಮೇಲೆ ‘ಚಳಿಗಾಲಕ್ಕೂ ಸೈ’ ಎಂದು ಅಚ್ಚು ಹಾಕಿ ದೇಶದ ಉತ್ತರ ತುದಿಯ ನಮ್ಮ ಇನಾರಿಗೆ ಕಳಿಸುತ್ತಾರೆ. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿಯ ತನಕ ಮುಖ ತೋರಿಸದ ಊರಿಗೆ. ಅಂಗಡಿ ಇಟ್ಟುಕೊಂಡವನು ನಾನು, ಬೈಸಿಕೊಳ್ಳುವವನೂ ನಾನೇ. ಡಬ್ಬಿಯ ಮಾತನ್ನು ನಂಬದೆ ಒಂದೊಂದನ್ನೂ ಬಿಚ್ಚಿ ನೋಡಿದ ಗಿರಾಕಿ ಎಂದರೆ ನನ್ನ ನೆರೆಮನೆಯ ಇಂಕೆರಿ ಒಬ್ಬಳೇ.

ಅವಳಿಗೆ ದೀಪ ಬೇಕಾಗಿದ್ದು ಗಂಡ ತೌನೊನನ್ನು ಮನೆಯಲ್ಲೇ ಉಳಿಸಿಕೊಳ್ಳಲು. ಅವನು ಜೀವಮಾನವೆಲ್ಲ ಸರೋವರದ ಮಂಜುಗಡ್ಡೆಯ ಕೆಳಗೆ ಬಲೆ ಬಿಟ್ಟು ಮೀನು ಹಿಡಿದವನು. ಈಗ ಮರೆವಿನ ಕಾಯಿಲೆ. ಬಲೆಗಳನ್ನು ಎಂದೋ ಮಾರಿಯಾಗಿತ್ತು. ಆದರೂ ಬಲೆ ಎತ್ತಬೇಕೆಂದು ಕಣ್ಣು ತಪ್ಪಿಸಿ ಹೊರಟುಬಿಡುತ್ತಿದ್ದ. ಮನೆಗೆ ಬಂದು ನೋಡಿ ಹೋಗುವ ನರ್ಸ್ ಪಿಯಾ, ಇನ್ನೊಮ್ಮೆ ಕಳೆದುಹೋದರೆ ಅವನನ್ನು ಪೇಟೆಯ ವೃದ್ಧಾಶ್ರಮಕ್ಕೆ ಸೇರಿಸುವುದೇ ಎಂದು ಹೇಳಿಬಿಟ್ಟಿದ್ದಳು.

ಬಾಗಿಲಿಗೆ ಬೀಗ ಹಾಕು ಎಂದೆ. “ಸೌದೆ ಒಲೆ ಉರಿಯೋ ಮರದ ಮನೆ ಅದು. ಕೂಡಿ ಹಾಕೋಕೆ ಅವನೇನು ನಾಯೀನಾ?” ಎಂದಳು. ಗಂಟೆ ಕಟ್ಟಿದರೆ ಅವಳ ಮಂದ ಕಿವಿಗೆ ಕೇಳದು. ಹಾಗಾಗಿ ಮನೆಯಿಂದ ಸರೋವರದ ದಂಡೆಗಿಳಿಯುವ ಮೆಟ್ಟಿಲ ಬಳಿ, ಯಾರಾದರೂ ಹಾದರೆ ತಾನೇ ಹತ್ತುವ ದೀಪವೊಂದು ಬೇಕಾಯಿತು. ಹತ್ತಿದ್ದು ಅಡುಗೆಮನೆಯ ಕಿಟಕಿಗೆ ಕಾಣಬೇಕು. ತಂತಿ ಹೂಳೋಣವೆಂದರೆ ನೆಲ ಆಗಲೇ ಕಲ್ಲಾಗಿತ್ತು.

ಮೊದಲು ಒಯ್ದ ದೀಪದ ಬ್ಯಾಟರಿ ಮೊದಲ ಕಡುಚಳಿಗೇ ಸತ್ತಿತು. ಇನ್ನೊಂದರ ನೆತ್ತಿಯ ಸೋಲಾರ್ ಫಲಕವನ್ನು ಹಿಮ ಮುಚ್ಚಿತು. ಎರಡನ್ನೂ ತಂದು ನನ್ನ ಮುಂದೆ ಕುಕ್ಕಿದಳು. ಕೊನೆಗೆ ಆರಿಸಿದ್ದರ ಫಲಕ ದೀಪಕ್ಕೆ ಅಂಟಿಕೊಳ್ಳದೆ ಪ್ರತ್ಯೇಕವಾಗಿತ್ತು. ಹಿಮ ಜಾರಿಹೋಗಲೆಂದು ಅದನ್ನು ಗೋಡೆಗೆ ನೆಟ್ಟಗೆ ಬಡಿದೆವು. ಸೂರ್ಯನಿಲ್ಲದ ವಾರಗಳಿಗೆಂದು ಇನ್ನೊಂದು ಬ್ಯಾಟರಿ ಕೊಂಡು, ಒಂದು ಹೊರಗಿದ್ದರೆ ಇನ್ನೊಂದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದಳು. ದೀಪ ಕೈಕೊಡಲಿಲ್ಲ. ನವೆಂಬರಿನಲ್ಲಿ ಎರಡು ಸಲ ಬೆಳಕು ಕಂಡು ಓಡಿಹೋಗಿ ಗಂಡನನ್ನು ಮೆಟ್ಟಿಲ ಮೇಲೇ ಹಿಡಿದಳು. ಅಂಗಡಿಯಲ್ಲಿ ಕೂತು, ನಮ್ಮ ಕಡೆಯ ರೂಢಿಯಂತೆ ಕಾಫಿಗೆ ಚೀಸಿನ ತುಂಡು ಹಾಕಿಕೊಂಡು ಆ ಕತೆ ಹೇಳಿ ನಕ್ಕಳು. ಅವಳ ನಗು ನೋಡಿ, ತೌನೊ ಮನೆಯಲ್ಲೇ ಉಳಿದಾನೆಂಬ ಆಸೆ ನನಗೂ ಹುಟ್ಟಿತ್ತು. ಹುಟ್ಟಬಾರದಿತ್ತು.

ಡಿಸೆಂಬರಿನಲ್ಲಿ ಚಳಿ ಮೈನಸ್ ಮೂವತ್ತೈದಕ್ಕೆ ಇಳಿಯಿತು. ಅಕಸ್ಮಾತ್ ತಪ್ಪಿಸಿಕೊಂಡರೂ ಸೆಟೆದು ಸಾಯದಿರಲಿ ಎಂದು ಇಂಕೆರಿ ಅವನ ಹಳೆಯ ಹಿಮಸಾರಂಗದ ತೊಗಲಿನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲ ಗೂಟಕ್ಕೆ ತೂಗುಹಾಕಿದಳು. ಹೆಂಡತಿಯ ಹೆಸರು ಮರೆತವನ ಕೈಗೆ ಆ ಅಂಗಿ ಮರೆತಿರಲಿಲ್ಲ. ಒಂದು ಮಧ್ಯಾಹ್ನದ ಕತ್ತಲಲ್ಲಿ, ಅವಳು ಕಿಟಕಿಗೆ ಮುಖ ಮಾಡಿ ರೈ ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ, ಅವನು ಅದನ್ನು ತೊಟ್ಟು ಹೊರಟುಹೋದ. ದೀಪ ಹತ್ತಲೇ ಇಲ್ಲ. ಸರೋವರದ ನಡುವೆ ಊಟದ ಚಾಕುವಿನಿಂದ ಮಂಜುಗಡ್ಡೆ ಕೊರೆಯುತ್ತಾ ಕೂತಿದ್ದವನನ್ನು ಮೀನುಗಾರನೊಬ್ಬ ಕಂಡು ಕರೆತಂದ. ಜೀವಕ್ಕೇನೂ ಆಗಿರಲಿಲ್ಲ.

ದೀಪ ಕೆಟ್ಟಿರಬೇಕೆಂದು ನಾನು ಹೋಗಿ ನೋಡಿದೆ. ನನ್ನ ಜಾಕೆಟ್ಟಿನಲ್ಲಿ ಹಾದರೆ ಹತ್ತಿತು. ತೌನೊನ ಅಂಗಿ ತೊಟ್ಟು, ಅದರ ಟೋಪಿಯನ್ನು ಮುಖಕ್ಕೆಳೆದುಕೊಂಡು ಹಾದೆ, ಹತ್ತಲಿಲ್ಲ. ಆ ದೀಪ ಹುಡುಕುವುದು ಮೈಯ ಬಿಸಿಯನ್ನು. ಆ ತೊಗಲು ಬಿಸಿಯನ್ನು ಹೊರಗೇ ಬಿಡುವುದಿಲ್ಲ. ಇಂಕೆರಿ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು.

“ನಾನೇ ಅವನನ್ನ ದೀಪದಿಂದ ಬಚ್ಚಿಟ್ಟೆ,” ಎಂದಳು.

“ಅಂಗಿ ಇಲ್ದಿದ್ರೆ ಹೆಣ ತರ್ತಿದ್ವಿ, ಇಂಕೆರಿ.”

“ಗೊತ್ತು. ಅದಕ್ಕೇ ಅಳೋಕೂ ಆಗ್ತಿಲ್ಲ.”

ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದೇ ತಿಳಿಯಲಿಲ್ಲ.

ತೌನೊನನ್ನು ವೃದ್ಧಾಶ್ರಮಕ್ಕೆ ಒಯ್ಯಲು ಪಿಯಾ ಕಾರು ತಂದ ದಿನ ನಾನೂ ಅಲ್ಲಿದ್ದೆ. ಬಿಸಿಯನ್ನಲ್ಲ, ಅಲುಗಾಟವನ್ನೇ ಹಿಡಿಯುವ ದೀಪ ಬಂದಿದೆಯಂತೆ, ಒಂದು ವಾರ ತಡೆ ಎಂದು ಇಂಕೆರಿ ಬೇಡಿಕೊಂಡಳು. ಪಿಯಾ ಒರಟಾಗಿ ಮಾತಾಡಲಿಲ್ಲ. “ದೀಪ ಎಷ್ಟು ಹಾಕಿದ್ರೂ ನೋಡೋಕೆ ನೀವೊಬ್ರೇ ಅಲ್ವಾ? ನೀವು ನಿದ್ದೆ ಮಾಡೋದು ಯಾವಾಗ?” ಎಂದಳು. ಇಂಕೆರಿ ಗೂಟದಿಂದ ಅಂಗಿಯನ್ನು ತೆಗೆದುಕೊಂಡಳು.

ಕಾರಿನ ಸದ್ದು ಕೇಳಿ ತೌನೊ ಮಾತ್ರ ಖುಷಿಯಾಗಿ ಎದ್ದಿದ್ದ. “ಹೊರಗೆ ಹೋಗೋದಾ?” ಎಂದು ಕೇಳಿದ. ಯಾರೂ ಬೇಡ ಎನ್ನಲಿಲ್ಲ. ಅವನು ಹೆಂಡತಿಯ ಮುಂದೆ ಬಂದು ನಿಂತು, ತಲೆ ಬಗ್ಗಿಸಿ, ಎರಡೂ ಕೈ ಮೇಲೆತ್ತಿದ. ಇಂಕೆರಿ ಅಂಗಿಯನ್ನು ಅವನ ತಲೆಯ ಮೇಲಿಂದ ಇಳಿಸಿ, ತೋಳುಗಳನ್ನು ಎಳೆದು ಸರಿಮಾಡಿ, ಗಾಳಿ ನುಸುಳದಂತೆ ಗದ್ದದ ಕೆಳಗೆ ದಾರ ಕಟ್ಟಿದಳು.