ಬಸ್ಸಿನ ನೆತ್ತಿಯ ಫ್ಯಾನು

"ಆ ಫ್ಯಾನ್ ಬಂದ್ ಮಾಡು ಮಾರಾಯ್ತಿ, ಮಗುವಿಗೆ ಗಾಳಿ ತಾಗ್ತದೆ!"

ಹೀಗೆ ಬೊಬ್ಬೆ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಜಗತ್ತಿನಲ್ಲಿ ಯಾರು ಬೇಕಾದರೂ ಆಡಬಹುದಾದ ಆ ಮಾತನ್ನು ನಾನೊಬ್ಬಳು ಆಡಬಾರದಿತ್ತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ; ಈ ವಯಸ್ಸಿನಲ್ಲಿ ನನಗೆ ಸುತ್ತುಬಳಸದೆ ಮಾತಾಡಲು ಬರುವುದಿಲ್ಲ.

ಕಲ್ಲಡ್ಕದ ಒಂದು ಹೋಟೆಲಿನ ಎದುರು ನಮ್ಮ ಗಾಡಿ ನಿಂತಿತ್ತು. ಮೊಮ್ಮಗಳ ಗಂಡ ಎಲ್ಲಿಂದಲೋ ಬಾಡಿಗೆಗೆ ತಂದ ಮನೆಗಾಡಿ ಅದು. ಒಳಗೆ ಹಾಸಿಗೆ, ಗ್ಯಾಸಿನ ಒಲೆ, ಕೈ ತೊಳೆಯುವ ಬೋಗುಣಿ ಎಲ್ಲ ಇವೆ. ಅವನು ಚಹಾ ತರಲು ಇಳಿದಿದ್ದ. ಒಲೆಯ ಮೇಲೆ ಮಗುವಿಗೆಂದು ನೀರು ಕಾಯುತ್ತಿತ್ತು. ಮೊಮ್ಮಗಳು ಎಳೆಗೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಅಜ್ಜಿ, ಇಲ್ಲಿ ನೋಡಿ" ಎಂದು ಒಂದು ಗುಂಡಿ ಒತ್ತಿದಳು. ನಮ್ಮ ತಲೆಯ ಮೇಲೆ ಗಾಡಿಯ ಮಾಡಿನಲ್ಲಿದ್ದ ಚೌಕದ ಮುಚ್ಚಳ ತಾನಾಗಿ ಎದ್ದು, ಅದರೊಳಗಿನ ಫ್ಯಾನು ಗುಂಯ್ ಎಂದು ತಿರುಗಿತು. ಒಳಗಿನ ಸೆಕೆಯೆಲ್ಲ ಮೇಲಕ್ಕೆ ಹೋಯಿತು. ಆಗಲೇ ನನ್ನ ಬಾಯಿಂದ ಆ ಮಾತು ಬಂದದ್ದು. ಪಾಪ, ಅವಳು ಹೆದರಿ ಫ್ಯಾನು ನಿಲ್ಲಿಸಿದಳು. ಹಿಂದಿನ ಹಾಸಿಗೆಯಲ್ಲಿ ಅವಳ ತಾಯಿ, ಅಂದರೆ ನನ್ನ ಹಿರಿಯ ಮಗಳು ಸುಮತಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನಾನು ಅವಳನ್ನೇ ನೋಡುತ್ತ ಕುಳಿತೆ.

ಅರುವತ್ತು ವರ್ಷಗಳ ಹಿಂದೆ ನಾನೂ ಇಂಥದೇ ಗಾಡಿಯಲ್ಲಿ ಸಂಸಾರ ಮಾಡಿದವಳು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನನ್ನವರು ಟೆಂಟ್ ಸಿನಿಮಾದ ಆಪರೇಟರ್. ಟೆಂಟು ಕೆಲವು ತಿಂಗಳು ಮೂಡಬಿದಿರೆಯಲ್ಲಿ, ಕೆಲವು ವಾರ ಬೆಳುವಾಯಿಯಲ್ಲಿ, ಮತ್ತೆ ಬೆಳ್ತಂಗಡಿಯಲ್ಲಿ. ಹೋದಲ್ಲೆಲ್ಲ ಮನೆ ಹುಡುಕಬೇಕು. ಸಿನಿಮಾದವರಿಗೆ ಮನೆ ಕೊಡಲು ಆಗಿನ ಜನ ಹಿಂದೆಮುಂದೆ ನೋಡುತ್ತಿದ್ದರು. ಮದುವೆಯಾದ ವರ್ಷವೇ ಅವರು ಬಂಟ್ವಾಳದಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಬಸ್ಸೊಂದನ್ನು ತಂದು, ಸೀಟು ಕಿತ್ತು, ಹಲಗೆಯ ಮಂಚ ಹೊಡೆಸಿ, ಕಿಟಕಿಗಳಿಗೆ ಮರದ ಬಾಗಿಲು ಕೂರಿಸಿ, "ಇದೇ ನಮ್ಮ ಮನೆ" ಎಂದರು. ನಾನು ಅತ್ತುಬಿಟ್ಟೆ. ಮನೆಯೆಂದ ಮೇಲೆ ತುಳಸಿಕಟ್ಟೆ ಬೇಡವೆ? ಮರುದಿನ ಡ್ರೈವರ್ ಸೀಟಿನ ಪಕ್ಕ ಎಣ್ಣೆಯ ಡಬ್ಬಿಯಲ್ಲಿ ಒಂದು ತುಳಸಿ ಗಿಡ ಬಂದು ಕುಳಿತಿತು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಬೇಸಗೆಯಲ್ಲಿ ಆ ತಗಡಿನ ಮಾಡು ಕಾದರೆ ಒಳಗೆ ಹಪ್ಪಳ ಒಣಗಿಸಬಹುದಿತ್ತು. ಅವರು ಸುಮ್ಮನಿರುವ ಪೈಕಿ ಅಲ್ಲ. ಸಿನಿಮಾ ಮೆಷಿನಿನ ಕೋಣೆಯಲ್ಲಿ ಹೊಗೆ ಹೊರಗೆಳೆಯುವ ಫ್ಯಾನು ಇರುತ್ತಿತ್ತಲ್ಲ, ಅಂಥದೊಂದನ್ನು ಎಲ್ಲಿಂದಲೋ ಹಿಡಿದು ತಂದರು. ಬಸ್ಸಿನ ನೆತ್ತಿಗೆ ತೂತು ಕೊರೆದು ಅದನ್ನು ಕೂರಿಸಿ, ಮೇಲೊಂದು ತಗಡಿನ ಟೋಪಿ ಇಟ್ಟು, ಬ್ಯಾಟರಿಯಿಂದ ತಿರುಗುವ ಹಾಗೆ ಏನೇನೋ ಮಾಡಿದರು. ತಿರುಗಿತು ನೋಡಿ! ಊರೂರಿನ ಜನ ನೋಡಲು ಬಂದರು. ನನ್ನವರಿಗೆ ಸಿನಿಮಾಕ್ಕಿಂತ ಫ್ಯಾನಿನ ಮೇಲೇ ಹೆಚ್ಚು ಅಭಿಮಾನ. ದಾರಿಯಲ್ಲಿ ಹೋಗುವವರನ್ನು ಕರೆದು, ಕೈಹಿಡಿದು, ಏಣಿ ಹತ್ತಿಸಿ ತೋರಿಸುತ್ತಿದ್ದರು.

ಅದನ್ನು ಕಂಡರೆ ಆಗದವರು ಒಬ್ಬರೇ, ನನ್ನ ಅಮ್ಮ. ಅಮ್ಮನ ಊರು ನೆರಿಯ, ಬೆಳ್ತಂಗಡಿಯ ಆಚೆ. ಅಳಿಯನೊಡನೆ ನೇರವಾಗಿ ಮಾತಾಡುವ ಕ್ರಮವಿಲ್ಲ. ಎಲ್ಲವೂ ನನ್ನ ಮೂಲಕ. ಆದರೆ ಅಳಿಯನ ಒಂದು ಮಾತಿಗೂ ಉತ್ತರ ಬಾಕಿ ಇಡುತ್ತಿರಲಿಲ್ಲ. ಅವರು ಹೊರಗೆ ನಿಂತು ಏನಾದರೂ ಅಂದರೆ ಒಳಗಿನಿಂದ, "ನಿನ್ನ ಗಂಡನಿಗೆ ಹೇಳು" ಎಂದು ಶುರುವಾಯಿತೆಂದೇ ಲೆಕ್ಕ. (ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಕನ್ನಡ ಮಾಡುವಾಗ ಅಮ್ಮನ ಖಾರ ಅರ್ಧ ಇಳಿದುಹೋಗಿದೆ, ಕ್ಷಮಿಸಿ.)

ಸುಮತಿ ಹುಟ್ಟಿದ್ದು ಮಳೆಗಾಲದಲ್ಲಿ, ಮೂಡಬಿದಿರೆಯ ಆಸ್ಪತ್ರೆಯಲ್ಲಿ. ಮಳೆಗೆ ಟೆಂಟು ಬಿಚ್ಚಿಯಾಗಿತ್ತು. ಬಾಣಂತನಕ್ಕೆ ತವರಿಗೆ ಹೋಗಬೇಕಲ್ಲ. ಅಮ್ಮ ಕರೆದೊಯ್ಯಲು ಬಂದರು, ನನ್ನವರು ಓಡಿಸುವ ಬಸ್ಸಿನ ಮನೆಯಲ್ಲೇ ನೆರಿಯಕ್ಕೆ ಹೊರಟೆವು. ಬೆಳ್ತಂಗಡಿ ದಾಟಿದ ಮೇಲೆ ಹೊಳೆ ಉಕ್ಕಿ ರಸ್ತೆಗೆ ನೀರು ಬಂದಿತ್ತು. ಬಸ್ಸು, ಲಾರಿ, ಎತ್ತಿನಗಾಡಿ ಎಲ್ಲ ಸಾಲಾಗಿ ನಿಂತವು. ನೀರು ಇಳಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಆದರೆ ಬಾಣಂತನ ಕಾಯುತ್ತದೆಯೆ? ಬಾಣಂತಿಗೆ ಬೆಚ್ಚಗಿರಬೇಕು, ಲೋಬಾನದ ಹೊಗೆ ಹಾಕಬೇಕು, ಗಾಳಿ ಮಾತ್ರ ಸುತರಾಂ ತಾಗಬಾರದು. ತಾಗಿದರೆ ಮುದುಕಿಯಾದ ಮೇಲೆ ಮೈಕೈ ಹಿಡಿಯುತ್ತದೆ ಎಂಬುದು ಅಮ್ಮನ ಶಾಸ್ತ್ರ. (ನನಗೀಗ ಮೈಕೈ ಎಲ್ಲ ಹಿಡಿದಿದೆ, ಅದು ಬೇರೆ ವಿಷಯ.) ರಸ್ತೆಬದಿಯ ಮನೆಯೊಂದರಿಂದ ಅಮ್ಮ ದೊಡ್ಡ ಬಾಣಲೆ ತುಂಬ ಕೆಂಡ ತಂದು ಮಂಚದ ಕೆಳಗಿಟ್ಟರು. ಕಿಟಕಿಗಳನ್ನೆಲ್ಲ ಮುಚ್ಚಿ ಸಂದಿಗೆ ಬಟ್ಟೆ ತುರುಕಿದರು. ನನ್ನವರು ತಲೆಕೆರೆದುಕೊಂಡು, "ಫ್ಯಾನ್ ತಿರುಗ್ತಾ ಇರಲಿ ಅಂತ ಹೇಳು, ಹೊಗೆ ಹೋಗ್ಲಿಕ್ಕೆ ದಾರಿ ಬೇಕಲ್ಲ" ಎಂದರು.

"ನಿನ್ನ ಗಂಡನಿಗೆ ಹೇಳು, ಬಾಣಂತನ ಮಾಡುವುದು ಸಿನಿಮಾ ತೋರಿಸಿದ ಹಾಗೆ ಅಲ್ಲ ಅಂತ."

ಅವರು ಮುಖ ಗಂಟುಹಾಕಿಕೊಂಡು ನೀರು ಎಷ್ಟು ಇಳಿಯಿತೆಂದು ನೋಡಲು ಹೋದರು. ಅಮ್ಮ ಬಾಗಿಲ ಚಿಲಕ ಹಾಕಿ, ಫ್ಯಾನು ನಿಲ್ಲಿಸಿ, ಮಂಚ ಹತ್ತಿ ತನ್ನ ಹಳೆಯ ಸೀರೆಯನ್ನು ಮುದ್ದೆಮಾಡಿ ಆ ಕಿಂಡಿಗೆ ಗಿಡಿದರು. "ಈಗ ಸರಿಯಾಯ್ತು" ಎಂದು ಕೈ ಕೊಡವಿದರು.

ನಿಜವಾಗಿ ಸರಿಯಾಗಿಯೇ ಇತ್ತು, ಅದೇ ಭಯಂಕರ. ಹೊರಗೆ ಥಂಡಿ ಮಳೆ, ಒಳಗೆ ಹಿತವಾದ ಬಿಸಿ, ಲೋಬಾನದ ಪರಿಮಳ. ಮಗು ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಸ್ವಲ್ಪ ತಲೆನೋವು, ಆಮೇಲೆ ನಿದ್ದೆ. ಅಮ್ಮ ಏನೋ ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಅಮ್ಮ ಮಾತು ನಡುವೆ ನಿಲ್ಲಿಸುವುದೆ? ಏಳಬೇಕು ಅನಿಸಿತು. ಕೈ ಏಳಲಿಲ್ಲ. ನನಗೆ ನೆನಪಿರುವುದು ಅಷ್ಟೇ.

ಮುಂದಿನದು ನನ್ನವರು ಹೇಳಿದ್ದು. ಹೊಳೆಯ ಹತ್ತಿರ ಅವರಿಗೆ ಇದ್ದಿನಬ್ಬ ಎಂಬ ಲಾರಿ ಡ್ರೈವರ್ ಸಿಕ್ಕಿದರಂತೆ. ಮಾತು ತಿರುಗಿ ಫ್ಯಾನಿಗೇ ಬಂದಿದೆ. "ಬನ್ನಿ ಮಾರಾಯ್ರೆ, ತೋರಿಸ್ತೇನೆ" ಎಂದು ಆ ಮಳೆಯಲ್ಲೇ ಕರೆತಂದು ಬಸ್ಸಿನ ಹಿಂದಿನ ಏಣಿ ಹತ್ತಿಸಿದ್ದಾರೆ. ಟೋಪಿ ಎತ್ತಿ ನೋಡಿದರೆ ಫ್ಯಾನು ಸತ್ತು ಬಿದ್ದಿದೆ, ಕೆಳಗೆ ಅತ್ತೆಯ ಸೀರೆ. ಇವರಿಗೆ ಕೆಂಡದಂಥ ಸಿಟ್ಟು. ಫ್ಯಾನಿನ ಎಲೆಗಳ ನಡುವೆ ಕೈ ಹಾಕಿ ಸೀರೆಯನ್ನು ಕೆಳಗೆ ದೂಡಿ, ಕಿಂಡಿಗೆ ಬಾಯಿಟ್ಟು, ಕ್ರಮ ಗಿಮ ಎಲ್ಲ ಮರೆತು, "ಅತ್ತೇ! ಬುದ್ಧಿ ಉಂಟಾ ನಿಮಗೆ?" ಎಂದು ಅರಚಿದ್ದಾರೆ.

ಸೀರೆ ಹೋಗಿ ಅಮ್ಮನ ತಲೆಯ ಮೇಲೆ ಬಿತ್ತು. ಅಮ್ಮ ಅಲುಗಲಿಲ್ಲ. ಉತ್ತರ ಬರಲಿಲ್ಲ.

"ಬೈದದ್ದಕ್ಕೆ ನಿನ್ನ ಅಮ್ಮ ತಿರುಗಿ ಬೈಯಲಿಲ್ಲ ನೋಡು, ನನ್ನ ಎದೆ ಧಸಕ್ಕೆಂದಿತು" ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರು.

"ಕೆಂಡದ ವಿಷಗಾಳಿ ತಲೆಗೇರಿದೆ, ಬಾಗಿಲು ಒಡೆಯುವ!" ಎಂದು ಇದ್ದಿನಬ್ಬರು ಜಿಗಿದು ಒದ್ದರಂತೆ. ನನಗೆ ಎಚ್ಚರವಾದಾಗ ರಸ್ತೆಯಲ್ಲಿ ಬಿದ್ದಿದ್ದೆ, ಮುಖದ ಮೇಲೆ ಮಳೆ ಸುರಿಯುತ್ತಿತ್ತು. ಅಯ್ಯೋ, ಬಾಣಂತಿ ಒದ್ದೆಯಾಗಬಾರದು ಎಂಬುದೇ ನನ್ನ ಮೊದಲ ಯೋಚನೆ. ತಿರುಗಿ ನೋಡಿದೆ. ನನ್ನವರು ಮಗುವನ್ನು ಎರಡೂ ಕೈಯಲ್ಲಿ ಮಳೆಗೆ ಹಿಡಿದು ನಿಂತಿದ್ದರು. ಮಗುವಿನ ಕೈಕಾಲು ಜೋತುಬಿದ್ದಿದ್ದವು. ಸಾಲಿನಲ್ಲಿದ್ದ ಬಸ್ಸು ಲಾರಿಗಳ ಜನ ಸುತ್ತ ನೆರೆದಿದ್ದರು. ಆಮೇಲೆ ಮಗು ಸೀನಿತು. ಸೀನಿ, ಉಸಿರೆಳೆದು, ಹೊಳೆಯಾಚೆಗೂ ಕೇಳುವ ಹಾಗೆ ಅತ್ತಿತು.

ಆ ಅಳುವಿಗೆ, ನನ್ನ ಪಕ್ಕದಲ್ಲೇ ಮಲಗಿಸಿದ್ದ ಅಮ್ಮ ಕಣ್ಣು ಬಿಟ್ಟರು. ವಾಂತಿ ಮಾಡಿದರು. ಬಾಯಿ ಒರೆಸಿಕೊಂಡು ಮೊದಲು ಆಡಿದ ಮಾತು: "ಮಗುವಿನ ಕಿವಿಗೆ ಬಟ್ಟೆ ಕಟ್ಟಲಿಕ್ಕೆ ಹೇಳು, ಗಾಳಿ ಹೋಗ್ತದೆ."

ಆ ದಿನದ ವಿಷಯ ಅಮ್ಮ ಮತ್ತೆ ಎತ್ತಲಿಲ್ಲ. ಅಮ್ಮನೆದುರು ನಾವೂ ಎತ್ತಲಿಲ್ಲ. ನನಗೆ ಒಳಗೊಳಗೆ ಸಿಟ್ಟಿತ್ತು. ಒಂದು ಮಾತು, ತಪ್ಪಾಯಿತು ಎಂಬ ಒಂದೇ ಮಾತು ಅಮ್ಮನ ಬಾಯಿಂದ ಬರಲೆಂದು ಕಾದೆ. ಬರಲಿಲ್ಲ. ಎರಡನೆಯ ಬಾಣಂತನ ಬೇಸಗೆಯಲ್ಲಿ, ನೆರಿಯದ ಮನೆಯಲ್ಲೇ. ಮತ್ತೆ ಅದೇ ಕೆಂಡ, ಅದೇ ಲೋಬಾನ, ಮುಚ್ಚಿದ ಕಿಟಕಿ. ನಾನು ಮಗುವಿನ ಉಸಿರಿಗೆ ಕಿವಿಯಿಟ್ಟು ಮಲಗಿದೆ. ಆಗ ಕಣ್ಣಿಗೆ ಬಿತ್ತು, ನೆಲದ ಮೇಲೊಂದು ಬಿಸಿಲಿನ ಚೌಕ. ತಲೆಯೆತ್ತಿ ನೋಡಿದರೆ ಮಂಚದ ನೇರಕ್ಕೆ ಮಾಡಿನ ಎರಡು ಹಂಚು ಇಲ್ಲ. ಹೊಗೆ ನೆಟ್ಟಗೆ ಅದರಲ್ಲಿ ಏರಿಹೋಗುತ್ತಿತ್ತು.

"ಹಂಚು ಏನಾಯ್ತಮ್ಮ?"

"ಮಂಗ ತೆಗೆದು ಹಾಕಿದ್ದು" ಎಂದರು ಅಮ್ಮ, ಆಚೆ ತಿರುಗಿ.

ಮಗು ನೋಡಲು ಬಂದ ನನ್ನವರು ಮೇಲೆ ನೋಡಿದರು, ಬಹಳ ಹೊತ್ತು ನೋಡಿದರು. "ಹಂಚು ಹಾಕಿಸ್ತೇನೆ ಅಂತ ಹೇಳು" ಎಂದರು ನನ್ನೊಡನೆ.

"ಬೇಡ ಅಂತ ಹೇಳು. ಮಂಗ ಪುನಃ ಬರ್ತದೆ."

ಇವರು ಹೊರಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ನನ್ನ ಸಿಟ್ಟೂ ಅಂದಿಗೆ ಮುಗಿಯಿತು.

ಈಗ ಕಲ್ಲಡ್ಕದಲ್ಲಿ, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹಿಂದೆ ಸುಮತಿಯ ಗೊರಕೆ ಒಂದು ಗಳಿಗೆ ನಿಂತಿತು. ನಾನು ಅರ್ಧ ಎದ್ದೆ. ಅವಳು ಮಗ್ಗುಲು ಬದಲಿಸಿ ಮತ್ತೆ ಶುರುಮಾಡಿದಳು.

"ಫ್ಯಾನ್ ಹಾಕು" ಎಂದೆ ಮೊಮ್ಮಗಳಿಗೆ.

"ಮಗುವಿಗೆ ಗಾಳಿ ತಾಗುವುದಿಲ್ವ ಅಜ್ಜಿ?"

"ಕಿವಿಗೆ ಬಟ್ಟೆ ಕಟ್ಟು. ಫ್ಯಾನ್ ತಿರುಗಲಿ."

ಮುಚ್ಚಳ ಎದ್ದಿತು. ಚೌಕದ ಬೆಳಕು ನೇರ ಮಗುವಿನ ಕಾಲ ಮೇಲೆ ಬಿತ್ತು. ಮೊಮ್ಮಗಳಿಗೆ ನಗು. "ಈಗ ಬಂದ್ ಮಾಡ್ಲಿಕ್ಕೆ ಹೇಳಿದ್ದು ನೀವೇ ಅಲ್ವ?"

"ನಾನಲ್ಲ" ಎಂದೆ, ಆಚೆ ತಿರುಗಿ. "ಮಂಗ."